ಹೊತ್ತೇ ಹೋಗ್ತಿಲ್ಲ ಅನ್ನುವ ತಮ್ಮನಿಗೆ ಏನು ಹೇಳಲಿ?

ಪ್ರಶ್ನೆ: ನನ್ನ ತಮ್ಮನಿಗೆ ಇಪ್ಪತ್ತೊಂಬತ್ತು ವರ್ಷ. ಒಂದು ರಾತ್ರಿ ಕುಡಿದು ಕಾರು ಓಡಿಸಿದ, ರಸ್ತೆ ದಾಟುತ್ತಿದ್ದ ಒಬ್ಬರಿಗೆ ಗುದ್ದಿದ, ಅವರು ತೀರಿಕೊಂಡರು. ನಾಲ್ಕು ವರ್ಷ ಶಿಕ್ಷೆಯಾಗಿದೆ. ಒಂದು ವರ್ಷ ಮುಗಿದಿದೆ, ಮೇಲ್ಮನವಿ ಇನ್ನೂ ಬಾಕಿ ಇದೆ. ಭೇಟಿಗೆ ಹೋದಾಗಲೆಲ್ಲ "ಅಕ್ಕಾ, ಹೊತ್ತೇ ಹೋಗ್ತಿಲ್ಲ, ಬರೀ ಯೋಚನೆ" ಅಂತಾನೆ. ಹೋದ ಸಲ ನಾನು, "ಸುಮ್ನೆ ಮಲಗಿರೋ ಬದಲು ಆತ್ಮಾವಲೋಕನ ಮಾಡ್ಕೋ, ಒಳ್ಳೆ ಪುಸ್ತಕ ಓದು, ಟೈಮ್ ವೇಸ್ಟ್ ಮಾಡ್ಬೇಡ" ಅಂದೆ. ಅವನು ಸಿಟ್ಟು ಮಾಡಿಕೊಂಡು ಭೇಟಿಯ ಸಮಯ ಮುಗಿಯುವ ಮೊದಲೇ ಎದ್ದು ಹೋದ. ಹತ್ತನೇ ಕ್ಲಾಸಿನ ಮೇಲೆ ಅವನು ಓದಿಲ್ಲ, ಪುಸ್ತಕದ ಅಭ್ಯಾಸವೂ ಇಲ್ಲ. ನಾನು ಹೇಳಿದ್ದರಲ್ಲಿ ತಪ್ಪೇನಿತ್ತು? ಉಳಿದ ಮೂರು ವರ್ಷ ಹಾಳಾಗದ ಹಾಗೆ ಅವನು ಏನು ಮಾಡಬಹುದು?

ಉತ್ತರ: ಈ ಸಿಟ್ಟಿನ ಬಿಸಿ ನನಗೂ ತಟ್ಟಿದೆ. ಜೈಲುಗಳಿಗೆ ಹೋಗಿ ಕೈದಿಗಳ ಜೊತೆ ಕೂತು ಮಾತಾಡುವುದೇ ನನ್ನ ಕೆಲಸ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ನಲವತ್ತು ಜನರನ್ನು ಎದುರಿಗೆ ಕೂರಿಸಿಕೊಂಡು ಆತ್ಮಾವಲೋಕನದ ಬಗ್ಗೆ ಮುಕ್ಕಾಲು ಗಂಟೆ ಭಾಷಣ ಬಿಗಿದೆ. ಎಲ್ಲ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಎದ್ದು ನಿಂತು, ತುಂಬಾ ಮರ್ಯಾದೆಯಿಂದಲೇ ಕೇಳಿದ: "ಸಾರ್, ಅದನ್ನ ಯಾವ ಹೊತ್ತಿಗೆ ಮಾಡ್ಬೇಕು? ರಾತ್ರಿ ಹನ್ನೊಂದರಿಂದ ಬೆಳಗಿನ ಜಾವ ನಾಲ್ಕರವರೆಗೆ ಈಗಾಗಲೇ ಮಾಡ್ತಾ ಇದ್ದೀನಿ." ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಅವನು ಹೇಳಿದ್ದೇ ನಿಜ. ಜೈಲಿನಲ್ಲಿ ಯಾವುದಕ್ಕೆ ಬರ ಇದ್ದರೂ ಯೋಚನೆಗೆ ಬರ ಇಲ್ಲ. ಹೊರಗಿದ್ದಾಗ ಫೋನು, ಕೆಲಸ, ಸಾಲ, ಮನೆ ಅಂತ ಯೋಚನೆಯನ್ನು ತಡೆಯಲು ನೂರು ಅಡ್ಡಗೋಡೆ ಇರುತ್ತವೆ. ಒಳಗೆ ಅವೆಲ್ಲ ಬಿದ್ದುಹೋಗುತ್ತವೆ. ಆಗ ಮನಸ್ಸು ಗಾಣದ ಎತ್ತಿನ ಹಾಗೆ ಅದೇ ಕೇಸು, ಅದೇ ರಾತ್ರಿ, ಅದೇ ಸಾಕ್ಷಿ, ಅದೇ ತೀರ್ಪು ಅಂತ ಸುತ್ತುತ್ತಲೇ ಇರುತ್ತದೆ. ಆ ಎತ್ತಿಗೆ ಹೋಗಿ "ಇನ್ನೂ ಸ್ವಲ್ಪ ನಡಿ" ಅಂದರೆ ಅದು ಒದೆಯದೆ ಇರುತ್ತದಾ? ನಿಮ್ಮ ತಮ್ಮನಿಗೆ ಆಗಿದ್ದು ಅದೇ.

ಮನಶ್ಶಾಸ್ತ್ರದಲ್ಲಿ ಇದರ ಬಗ್ಗೆ ಬಹಳ ಕೆಲಸ ನಡೆದಿದೆ. ಸೂಸನ್ ನೋಲೆನ್-ಹೋಕ್ಸೆಮಾ ಎಂಬ ಅಮೆರಿಕದ ಸಂಶೋಧಕಿ ತಮ್ಮ ವೃತ್ತಿಜೀವನದ ದೊಡ್ಡ ಭಾಗವನ್ನು ಈ ಒಂದೇ ವಿಷಯಕ್ಕೆ ಕೊಟ್ಟರು. ಬೇಸರದಲ್ಲಿರುವ ಮನುಷ್ಯ ತನ್ನ ಬೇಸರವನ್ನೇ ಮತ್ತೆ ಮತ್ತೆ ಮೆಲುಕು ಹಾಕಿದರೆ ಬೇಸರ ಕಮ್ಮಿಯಾಗುವುದಿಲ್ಲ, ಇನ್ನೂ ಜಾಸ್ತಿ ದಿನ ಉಳಿಯುತ್ತದೆ, ಎದುರಿಗಿರುವ ಸಣ್ಣ ಸಮಸ್ಯೆಯನ್ನು ಬಿಡಿಸುವ ಶಕ್ತಿಯೂ ಕುಂದುತ್ತದೆ ಅಂತ ಅವರು ಪದೇ ಪದೇ ತೋರಿಸಿದರು. ವಿಚಿತ್ರ ಅಂದರೆ, ಮೆಲುಕು ಹಾಕುವವನಿಗೆ ತಾನು ಯಾವುದೋ ದೊಡ್ಡ ಸತ್ಯದ ಹತ್ತಿರ ಹೋಗುತ್ತಿದ್ದೇನೆ ಅಂತಲೇ ಅನ್ನಿಸುತ್ತಿರುತ್ತದೆ.

ಹಾಗಾದರೆ ಇದು ಮೆಲುಕೋ, ನಿಜವಾದ ಅವಲೋಕನವೋ ಅಂತ ಗೊತ್ತಾಗುವುದು ಹೇಗೆ? ವರ್ಷಗಟ್ಟಲೆ ಕೈದಿಗಳ ಮಾತು ಕೇಳಿ ಕೇಳಿ ನಾನು ಕಂಡುಕೊಂಡ ಒಂದು ಗುರುತಿದೆ. ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಕಿವಿಗೆ ಬಿದ್ದಿದ್ದು. ಮೆಲುಕು ಹಾಕುವವನ ವಾಕ್ಯಗಳು ‘ರೆ’ಯಲ್ಲಿ ಸಿಕ್ಕಿಕೊಂಡಿರುತ್ತವೆ. ಅವತ್ತು ಅಲ್ಲಿಗೆ ಹೋಗದೇ ಇದ್ದಿದ್ದರೆ. ಅವನು ಫೋನ್ ಮಾಡದೇ ಇದ್ದಿದ್ದರೆ. ಮಳೆ ಬರದೇ ಇದ್ದಿದ್ದರೆ. ಈ ‘ರೆ’ಗೆ ಕೊನೆ ಎನ್ನುವುದೇ ಇಲ್ಲ. ಇನ್ನು ಕೆಲವರದ್ದು ‘ಆಯ್ತು’. ಆಕ್ಸಿಡೆಂಟ್ ಆಯ್ತು. ಜಗಳ ಆಯ್ತು. ಏನೋ ಆಗೋಯ್ತು. ನಮ್ಮ ಭಾಷೆಯಲ್ಲಿ ಇದೊಂದು ದೊಡ್ಡ ಅನುಕೂಲ ನೋಡಿ, ಮಾಡಿದವನೇ ಇಲ್ಲದೆ ಕೆಲಸ ತಾನಾಗಿ ನಡೆದುಹೋಗುತ್ತದೆ.

ಅವಲೋಕನ ಶುರುವಾದವನ ವಾಕ್ಯಗಳು ಬೇರೆ ಥರ ಇರುತ್ತವೆ. ಕುಡಿದೆ. ಕೀ ತೆಗೆದೆ. ಗಾಡಿ ಹತ್ತಿದೆ. ಬಹುಪಾಲು ‘ದೆ’ಯಲ್ಲಿ ಮುಗಿಯುತ್ತವೆ. ಚಿಕ್ಕ ಚಿಕ್ಕ ವಾಕ್ಯಗಳು. ಪ್ರತಿಯೊಂದರಲ್ಲೂ ‘ನಾನು’ ಅಡಗಿದೆ, ಹೇಳದಿದ್ದರೂ ಕೇಳಿಸುತ್ತದೆ.

ಒಬ್ಬರ ವಿಷಯ ಹೇಳುತ್ತೇನೆ, ಗುರುತು ಸಿಗದಂತೆ. ಹಣದ ಲೆಕ್ಕ ನೋಡುವ ಕೆಲಸದಲ್ಲಿದ್ದವರು, ಅದೇ ಹಣ ತೆಗೆದು ಸಿಕ್ಕಿಬಿದ್ದವರು. ನಾನು ಒಂದು ನೋಟ್‌ಬುಕ್ ಕೊಟ್ಟು, ನಡೆದಿದ್ದನ್ನು ದಿನಕ್ಕೆ ಅರ್ಧ ಪುಟ ಬರೆಯಿರಿ ಅಂದೆ. ಮೊದಲ ದಿನದ ಮೊದಲ ವಾಕ್ಯ: "ಲೆಕ್ಕದಲ್ಲಿ ಹಣ ಕಮ್ಮಿ ಬಂತು." ಹಣವೇ ಕಾಲು ಬಂದು ನಡೆದುಹೋದ ಹಾಗೆ! ನಾನು ಏನೂ ಹೇಳಲಿಲ್ಲ. ಮುಂದಿನ ವಾರ ಅದೇ ವಾಕ್ಯ "ಹಣ ತೆಗೆಯಬೇಕಾಗಿ ಬಂತು" ಅಂತಾಗಿತ್ತು. ಅದರ ಮುಂದಿನ ವಾರ ಬರೀ ಮನೆ ಖರ್ಚಿನ ಪಟ್ಟಿ. ನಾಲ್ಕನೇ ವಾರ ನೋಟ್‌ಬುಕ್ ತೆರೆದರೆ ಇಡೀ ಪುಟದಲ್ಲಿ ಒಂದೇ ಸಾಲು, ಪೆನ್ನು ಒತ್ತಿ ಬರೆದಿದ್ದಕ್ಕೆ ಹಿಂದಿನ ಪುಟದಲ್ಲೂ ಅಕ್ಷರ ಉಬ್ಬಿತ್ತು: "ಹಣ ತೆಗೆದೆ." ಆಮೇಲೆ ಅವರು ಬರೆಯುವುದು ಸಲೀಸಾಯಿತು. ಎಷ್ಟು ಹೊತ್ತಿಗೆ ತೆಗೆದೆ, ಯಾವ ಕೈಯಲ್ಲಿ ತೆಗೆದೆ, ಮೊದಲ ಸಲ ತೆಗೆದಾಗ ವಾಪಸ್ ಇಡುತ್ತೇನೆ ಅಂತ ನನಗೆ ನಾನೇ ಹೇಳಿಕೊಂಡೆ, ಎರಡನೇ ಸಲ ಹಾಗೂ ಹೇಳಿಕೊಳ್ಳಲಿಲ್ಲ. ಅವರಿಗೆ ಬೇಕಾಗಿದ್ದು ಆ ಎರಡನೇ ಸಲದ ಮೌನ. ಮುಂದೆ ಬದುಕಿನಲ್ಲಿ ಯಾವಾಗ ಎಚ್ಚರ ಬೇಕು ಅನ್ನುವುದು ಅಲ್ಲಿತ್ತು. ‘ಹಣ ಕಮ್ಮಿ ಬಂತು’ ಅಂತ ಬರೆದುಕೊಂಡೇ ಇದ್ದಿದ್ದರೆ ಆ ಜಾಗ ಕಾಣುತ್ತಲೇ ಇರಲಿಲ್ಲ.

ನಿಮ್ಮ ತಮ್ಮನಿಗೂ ಅಷ್ಟೇ. ಅವನು ಹೋಗಬೇಕಾಗಿರುವುದು ಡಿಕ್ಕಿಯಾದ ಕ್ಷಣಕ್ಕಲ್ಲ. ಅಲ್ಲಿಗೆ ಅವನು ದಿನಾ ರಾತ್ರಿ ಹೋಗುತ್ತಿದ್ದಾನೆ. ಅದಕ್ಕಿಂತ ಒಂದು ಗಂಟೆ ಹಿಂದಕ್ಕೆ ಹೋಗಬೇಕು. ಕೀ ಎಲ್ಲಿತ್ತು, ಮೇಜಿನ ಮೇಲಾ, ಜೇಬಿನಲ್ಲಾ? ಎದ್ದಾಗ ಯಾರಾದರೂ ಬೇಡ ಅಂದರಾ? ಅವರಿಗೆ ಏನು ಉತ್ತರ ಕೊಟ್ಟ? ಅದಕ್ಕೆ ಮುಂಚೆ ಎಷ್ಟು ಸಲ ಹೀಗೇ ಓಡಿಸಿ ಏನೂ ಆಗದೆ ಮನೆ ಸೇರಿದ್ದ? ಈ ಕೊನೆಯ ಪ್ರಶ್ನೆ ಬಹಳ ಜನಕ್ಕೆ ಕಷ್ಟ, ಯಾಕೆಂದರೆ ಏನೂ ಆಗದ ಆ ರಾತ್ರಿಗಳನ್ನು ಯಾರೂ ನೆನಪಿಟ್ಟುಕೊಂಡಿರುವುದಿಲ್ಲ.

ಆದರೆ ಇದಕ್ಕೆ ಬೇಲಿ ಬೇಕು. ದಿನಕ್ಕೆ ಹದಿನೈದು ನಿಮಿಷ ಸಾಕು, ಅದಕ್ಕಿಂತ ಜಾಸ್ತಿ ಬೇಡ. ಹದಿನೈದು ಅನ್ನುವುದು ನನ್ನ ಲೆಕ್ಕ ಅಲ್ಲ. ನೆಲ್ಸನ್ ಮಂಡೇಲಾ 1975ರ ಫೆಬ್ರವರಿ 1ರಂದು ರಾಬೆನ್ ದ್ವೀಪದ ಜೈಲಿನಿಂದ ಹೆಂಡತಿ ವಿನ್ನಿಗೆ ಒಂದು ಕಾಗದ ಬರೆದರು. ಆಗ ವಿನ್ನಿಯೂ ಕ್ರೂನ್‌ಸ್ಟಾಡ್ ಎಂಬ ಬೇರೊಂದು ಜೈಲಿನಲ್ಲಿದ್ದರು. ತನ್ನನ್ನು ತಾನು ಅರಿಯಲು ಜೈಲಿನ ಕೋಣೆ ಒಳ್ಳೆಯ ಜಾಗ, ಮಲಗುವ ಮುಂಚೆ ದಿನಾ ಹದಿನೈದು ನಿಮಿಷ ಅದಕ್ಕೆ ಕೊಡು, ಮೊದಮೊದಲು ತನ್ನ ಕೊರತೆಗಳು ಕಾಣುವುದು ಕಷ್ಟ, ಹತ್ತನೇ ಪ್ರಯತ್ನಕ್ಕೆ ಫಲ ಸಿಗಬಹುದು ಅನ್ನುವ ಅರ್ಥದಲ್ಲಿ ಬರೆದಿದ್ದರು. ಒಟ್ಟು ಇಪ್ಪತ್ತೇಳು ವರ್ಷ ಒಳಗಿದ್ದ ಮನುಷ್ಯ ದಿನಕ್ಕೆ ಕಾಲು ಗಂಟೆ ಸಾಕು ಅಂದಿದ್ದಾರೆ, ಇದನ್ನು ಗಮನಿಸಿ. ಹೊತ್ತು ಇದೆ ಅಂತ ಐದು ಗಂಟೆ ಮಾಡು ಅನ್ನಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನನ್ನ ತಕರಾರು. ಮಲಗುವ ಮುಂಚೆ ಬೇಡ. ನಿಮ್ಮ ತಮ್ಮನ ಹಾಗೆ ರಾತ್ರಿ ನಿದ್ದೆ ಬಾರದೆ ಹೊರಳಾಡುವವರಿಗೆ ಆ ಹೊತ್ತು ಒಳ್ಳೆಯದಲ್ಲ, ಬಾಗಿಲು ಹಾಕಿದ ಮೇಲೆ ಎದ್ದು ಓಡಾಡಲು ಜಾಗ ಇಲ್ಲ, ಮಾತಾಡಲು ಜನ ಇಲ್ಲ. ಹಗಲಲ್ಲೇ ಮಾಡಲಿ. ಮುಗಿದ ಕೂಡಲೇ ಊಟಕ್ಕೋ ಕೆಲಸಕ್ಕೋ ಎದ್ದು ಹೋಗಲೇಬೇಕಾದ ಒಂದು ಹೊತ್ತು ಆರಿಸಿಕೊಳ್ಳಲಿ. ಗಂಟೆ ಬಾರಿಸಿದರೆ ಏಳಲೇಬೇಕು, ಅಲ್ವಾ? ಜೈಲಿನ ಈ ಕಟ್ಟುಪಾಡೇ ಇಲ್ಲಿ ಉಪಕಾರಕ್ಕೆ ಬರುತ್ತದೆ. ರಾತ್ರಿ ಅದೇ ಯೋಚನೆ ಬಂದರೆ ಮನಸ್ಸಿಗೆ "ನಾಳೆ ಹನ್ನೊಂದೂವರೆಗೆ ಬಾ" ಅಂತ ಹೇಳಲಿ. ಹುಚ್ಚಾಟದ ಥರ ಕೇಳಿಸುತ್ತದೆ, ಗೊತ್ತು. ಆದರೆ ಎರಡು ಮೂರು ವಾರ ಬಿಡದೆ ಮಾಡಿದವರಲ್ಲಿ ಅನೇಕರಿಗೆ ಇದು ಕೈಹಿಡಿದಿದ್ದನ್ನು ನೋಡಿದ್ದೇನೆ.

ಮತ್ತೆ, ತಲೆಯಲ್ಲಿ ಬೇಡ, ಕಾಗದದ ಮೇಲೆ. ತಲೆಯಲ್ಲಿ ಒಂದೇ ವಾಕ್ಯ ಸಾವಿರ ಸಲ ಓಡಬಹುದು. ಕಾಗದದ ಮೇಲೆ ಅದನ್ನು ಮೂರನೇ ಸಲ ಬರೆಯುವಾಗ ಬರೆಯುವವನಿಗೇ ಬೇಜಾರಾಗಿ ಮುಂದಿನ ವಾಕ್ಯಕ್ಕೆ ಹೋಗುತ್ತಾನೆ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ಹುಡುಗರು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ತಮ್ಮ ಬದುಕಿನ ಅತಿ ನೋವಿನ ವಿಷಯ ಬರೆದರು. ಬರೆದ ಕೂಡಲೇ ಅವರ ಮನಸ್ಸು ಇನ್ನೂ ಭಾರವಾಯಿತು. ಆದರೆ ಮುಂದಿನ ತಿಂಗಳುಗಳಲ್ಲಿ, ಆಗಿದ್ದನ್ನೂ ಅದರಿಂದ ತಮಗೆ ಏನನ್ನಿಸಿತು ಎಂಬುದನ್ನೂ ಸೇರಿಸಿ ಬರೆದವರು ಡಾಕ್ಟರ ಹತ್ತಿರ ಹೋಗಿದ್ದು ಕಡಿಮೆ. ತಮ್ಮನಿಗೆ ಇದರ ಮೊದಲ ಭಾಗ ತಪ್ಪದೆ ಹೇಳಿ. ಬರೆದ ದಿನ ಹಗುರ ಅನ್ನಿಸುವುದಿಲ್ಲ. ಅದು ಗೊತ್ತಿಲ್ಲದಿದ್ದರೆ ಮೊದಲ ದಿನವೇ ನೋಟ್‌ಬುಕ್ ಮೂಲೆಗೆ ಎಸೆಯುತ್ತಾನೆ.

ಈಗ ಒಂದು ಎಚ್ಚರಿಕೆ. ಇದನ್ನು ಓದದೆ ಮೇಲಿನದ್ದನ್ನು ಮಾತ್ರ ಅವನಿಗೆ ಹೇಳಬೇಡಿ. ಮೇಲ್ಮನವಿ ಬಾಕಿ ಇದೆ ಅಂದಿರಿ. ಜೈಲಿನಲ್ಲಿ ಬರೆದದ್ದು ಯಾವುದೂ ಗುಟ್ಟಲ್ಲ. ಕಾಗದಗಳನ್ನು ಅಧಿಕಾರಿಗಳು ಒಡೆದು ಓದಬಹುದು, ತಪಾಸಣೆಯಲ್ಲಿ ನೋಟ್‌ಬುಕ್ ಕೈಗೆ ಸಿಗಬಹುದು, ಪಕ್ಕದವನು ಓದಿ ಅದನ್ನೇ ಹಿಡಿದು ಆಟ ಆಡಿಸಬಹುದು. ಹಾಗಾಗಿ ಕೇಸಿನ ವಿವರ ಬರೆಯುವ ಮೊದಲು ವಕೀಲರನ್ನು ಕೇಳಲಿ. ಅವರು ಬೇಡ ಅಂದರೆ ಬೇಡ. ಆಗ ಕೇಸಿನಲ್ಲಿ ಇಲ್ಲದ್ದನ್ನು ಬರೆಯಲಿ: ಕುಡಿತ ಯಾವಾಗ ಶುರುವಾಯಿತು, ಯಾರ ಜೊತೆ ಕೂತರೆ ಬೇಡ ಅನ್ನಲು ಆಗುತ್ತಿರಲಿಲ್ಲ, ಚಿಕ್ಕಂದಿನಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದಾಗ ಮೊದಲು ಬಾಯಿಗೆ ಬರುತ್ತಿದ್ದ ಸುಳ್ಳು ಯಾವುದು. ನಿಜ ಹೇಳಬೇಕೆಂದರೆ ಅಲ್ಲೇ ಜಾಸ್ತಿ ಸಿಗುತ್ತದೆ. ಬರೆದು ಹರಿದು ಹಾಕಿದರೂ ನಡೆಯುತ್ತದೆ. ಬೇರೆಯವರು ಓದಬೇಕು ಅಂತೇನೂ ಇಲ್ಲ.

ತೀರಿಕೊಂಡವರ ಮನೆಯವರಿಗೆ ಕ್ಷಮೆ ಕೇಳಿ ಕಾಗದ ಬರೆಯಬೇಕು ಅಂತ ಅವನಿಗೆ ಒಂದಲ್ಲ ಒಂದು ದಿನ ಅನ್ನಿಸುತ್ತದೆ. ಅನ್ನಿಸಲಿ, ಬರೆಯಲಿ. ಕಳಿಸುವುದು ಮಾತ್ರ ಬೇರೆ ಪ್ರಶ್ನೆ. ಆ ಮನೆಯವರಿಗೆ ಆ ಲಕೋಟೆ ಯಾವ ಹೊತ್ತಿನಲ್ಲಿ ತಲುಪುತ್ತದೋ, ಅವರು ಅದನ್ನು ಕೇಳಿದ್ದಾರೋ ಇಲ್ಲವೋ ನಮಗೆ ಗೊತ್ತಿಲ್ಲ. ತನ್ನ ಎದೆ ಹಗುರ ಮಾಡಿಕೊಳ್ಳಲು ಅವರ ಮನೆ ಬಾಗಿಲು ಬಡಿಯುವುದು ಇನ್ನೊಂದು ತಪ್ಪು. ವಕೀಲರ ಮೂಲಕ, ಅವರು ಒಪ್ಪಿದರೆ ಮಾತ್ರ. ಇಲ್ಲದಿದ್ದರೆ ಆ ಕಾಗದ ನೋಟ್‌ಬುಕ್ಕಿನಲ್ಲೇ ಇರಲಿ.

ಇದರ ಜೊತೆಗೇ ಇನ್ನೊಂದು ಇದೆ. ‘ನಾನು ಕೆಟ್ಟ ಕೆಲಸ ಮಾಡಿದೆ’ ಅನ್ನುವುದಕ್ಕೂ ‘ನಾನೇ ಕೆಟ್ಟವನು’ ಅನ್ನುವುದಕ್ಕೂ ಬಹಳ ದೂರ. ಜೂನ್ ಟ್ಯಾಂಗ್ನಿ ಎಂಬ ಸಂಶೋಧಕಿ ಮತ್ತು ಅವರ ಜೊತೆಗಾರರು ಕೈದಿಗಳನ್ನು ಒಳಗಿದ್ದಾಗ ಮಾತಾಡಿಸಿ, ಹೊರಗೆ ಬಂದ ಮೇಲೂ ಹಿಂಬಾಲಿಸಿ, 2014ರಲ್ಲಿ ವರದಿ ಮಾಡಿದರು. ಮಾಡಿದ ಕೆಲಸದ ಬಗ್ಗೆ ಪಶ್ಚಾತ್ತಾಪ ಪಡುವವರು ಮತ್ತೆ ಅಪರಾಧಕ್ಕೆ ಹೋಗುವುದು ಕಡಿಮೆ. ತನ್ನ ಬಗ್ಗೆಯೇ ನಾಚಿಕೆ ಪಡುವವರಲ್ಲಿ ಆ ನಾಚಿಕೆ ತಿರುಗಿ ಬೇರೆಯವರ ಮೇಲೆ ತಪ್ಪು ಹೊರಿಸುವ ಕಡೆ ಹೋದರೆ ಮತ್ತೆ ಜಾರುತ್ತಾರೆ. ಅದಕ್ಕೇ ನಾನು ‘ದೆ’ಯ ಹಿಂದೆ ಬಿದ್ದಿರುವುದು. ‘ಓಡಿಸಿದೆ’ ಅನ್ನುವುದು ಒಂದು ರಾತ್ರಿಯ ಕೆಲಸ, ಅದನ್ನು ಮತ್ತೆ ಮಾಡದೇ ಇರಬಹುದು. ‘ಕೆಟ್ಟವನು’ ಅನ್ನುವುದು ಹಣೆಪಟ್ಟಿ, ಅದನ್ನು ಹಚ್ಚಿಕೊಂಡವನು ಏನು ತಾನೇ ಮಾಡಿಯಾನು? ಭೇಟಿಗೆ ಬಂದ ಮನೆಯವರು ಅಳುತ್ತಾ "ನೀನು ಹೀಗಾಗ್ತೀಯ ಅಂತ ಅಂದುಕೊಂಡಿರಲಿಲ್ಲ" ಅಂದರೆ, ಆ ಹಣೆಪಟ್ಟಿಗೆ ಅಂಟು ಹಚ್ಚಿದ ಹಾಗೆ.

ಇಷ್ಟಾದ ಮೇಲೂ ದಿನದಲ್ಲಿ ಇಪ್ಪತ್ತಮೂರು ಮುಕ್ಕಾಲು ಗಂಟೆ ಉಳಿಯುತ್ತದೆ. ಅದಕ್ಕೇನು ಮಾಡುವುದು?

ಮೊದಲು, ಹೊತ್ತು ಹೋಗುತ್ತಿಲ್ಲ ಅಂದರೆ ಏನು ಅಂತ ನೋಡೋಣ. ಬಿಡುಗಡೆಯಾದವರನ್ನು ಕೇಳಿ. ದಿನ ಉದ್ದ ಇತ್ತು, ವರ್ಷ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ ಅಂತಾರೆ. ಎರಡೂ ನಿಜ. ವಿಲಿಯಂ ಜೇಮ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1890ರಲ್ಲೇ ಇದನ್ನು ಗುರುತಿಸಿದ್ದರು: ಹೊಸ ಹೊಸ ಅನುಭವ ತುಂಬಿದ ಕಾಲ ಕಳೆಯುವಾಗ ಬೇಗ ಕಳೆಯುತ್ತದೆ, ಹಿಂತಿರುಗಿ ನೋಡಿದರೆ ಉದ್ದ ಕಾಣುತ್ತದೆ, ಖಾಲಿ ಕಾಲ ಕಳೆಯುವಾಗ ಉದ್ದ, ಹಿಂತಿರುಗಿ ನೋಡಿದರೆ ಚಿಕ್ಕದು. ಜೈಲಿನಲ್ಲಿ ಮಂಗಳವಾರಕ್ಕೂ ಶುಕ್ರವಾರಕ್ಕೂ ವ್ಯತ್ಯಾಸ ಇಲ್ಲ. ಬೆಳಿಗ್ಗೆ ಎಣಿಕೆ, ಸಂಜೆ ಎಣಿಕೆ, ನಡುವೆ ಊಟ. ನೆನಪಿಗೆ ಗೂಟ ಹೊಡೆಯಲು ಜಾಗವೇ ಇಲ್ಲ. ಹಾಗಾಗಿ ಹೊತ್ತು ಕಳೆಯುವುದು ಅಷ್ಟು ಮುಖ್ಯವಲ್ಲ, ದಿನಗಳಿಗೆ ಒಂದರಿಂದ ಒಂದಕ್ಕೆ ಗುರುತು ಸಿಗುವ ಹಾಗೆ ಮಾಡಿಕೊಳ್ಳುವುದೇ ಅವನ ಕೆಲಸ. ಪ್ರತಿ ದಿನ ತಾರೀಖು ಹಾಕಿ ಒಂದೇ ಒಂದು ಸಾಲು, ಇವತ್ತು ಮಾತ್ರ ನಡೆದದ್ದು. ‘ಹೊಸ ವಾರ್ಡರ್ ಬಂದ, ಎಡಗೈಯಲ್ಲಿ ಬರೆಯುತ್ತಾನೆ.’ ಅಷ್ಟೇ ಸಾಕು.

ಇಲ್ಲಿ ಒಂದು ಮಾತು. ದೊಡ್ಡವರ ಕಥೆ ಹೇಳಿ ಅವನನ್ನು ಹೆದರಿಸಬೇಡಿ. ನೆಹರೂ ಜೈಲಿನಲ್ಲಿ ಕೂತು ಸಾವಿರಾರು ವರ್ಷದ ಇತಿಹಾಸ ಬರೆದರು, ಗೂಗಿ ವಾ ಥಿಯಾಂಗೊ 1978ರಲ್ಲಿ ಕೀನ್ಯಾದ ಕಮಿಟಿ ಜೈಲಿನಲ್ಲಿ ಟಾಯ್ಲೆಟ್ ಪೇಪರ್ ಮೇಲೆ ಕಾದಂಬರಿ ಬರೆದರು, ಆಂದ್ರೆ ವೆಯ್ಲ್ ಎಂಬ ಗಣಿತಜ್ಞ 1940ರಲ್ಲಿ ಫ್ರಾನ್ಸಿನ ರುವಾ ಊರಿನ ಜೈಲಿನಲ್ಲಿ ತನ್ನ ಅತಿ ಮುಖ್ಯ ಕೆಲಸವೊಂದನ್ನು ಮಾಡಿದ. ಎಲ್ಲ ನಿಜ. ಆದರೆ ಅವರೆಲ್ಲ ಒಳಗೆ ಹೋಗುವ ಮುಂಚೆಯೇ ಬರಹಗಾರರು, ಗಣಿತಜ್ಞರು. ನಿಮ್ಮ ತಮ್ಮನಿಗೆ ಇದರಿಂದ ಕೀಳರಿಮೆ ಬಿಟ್ಟು ಬೇರೇನೂ ಸಿಗುವುದಿಲ್ಲ.

ಅವನಿಗೆ ಹತ್ತಿರದ ಕಥೆ, ಮುಂದೆ ಅಮೆರಿಕದ ಕಪ್ಪು ಜನರ ದೊಡ್ಡ ನಾಯಕರಾದ ಮಾಲ್ಕಂ ಎಕ್ಸ್ ಅವರದ್ದು. ಎಂಟನೇ ಕ್ಲಾಸಿಗೆ ಓದು ಬಿಟ್ಟಿದ್ದ ಹುಡುಗ, ಕಳ್ಳತನದ ಕೇಸಿನಲ್ಲಿ 1946ರಲ್ಲಿ ಒಳಗೆ ಹೋದ. ಕಾಗದ ಬರೆಯಲು ಕೂತರೆ ಮಾತು ಸಿಗುತ್ತಿರಲಿಲ್ಲ, ಪುಸ್ತಕ ತೆರೆದರೆ ಅರ್ಧ ಪದ ಅರ್ಥವಾಗುತ್ತಿರಲಿಲ್ಲ. ಜೈಲಿನ ಶಾಲೆಯಿಂದ ಒಂದು ನಿಘಂಟು, ಬರೆಯುವ ಹಾಳೆ, ಪೆನ್ಸಿಲ್ ತೆಗೆದುಕೊಂಡು ಮೊದಲ ಪುಟವನ್ನು ಚುಕ್ಕೆ ಗೆರೆ ಸಮೇತ ನಕಲು ಮಾಡಿದ. ಅದಕ್ಕೇ ಒಂದು ದಿನ ಹಿಡಿಯಿತು. ಮಾರನೇ ದಿನ ಎರಡನೇ ಪುಟ. ಹಾಗೇ ಹೋಗುತ್ತಾ ಇಡೀ ನಿಘಂಟು. ಆಮೇಲೆ ರಾತ್ರಿ ಹತ್ತಕ್ಕೆ ದೀಪ ಆರಿದ ಮೇಲೆ, ಕಾರಿಡಾರಿನ ಬೆಳಕು ಬೀಳುವ ಕಡೆ ನೆಲದ ಮೇಲೆ ಕೂತು ಓದುವುದು. ಗಂಟೆಗೊಮ್ಮೆ ಕಾವಲುಗಾರನ ಹೆಜ್ಜೆ ಕೇಳಿದಾಗ ಹಾರಿ ಹಾಸಿಗೆಗೆ ಬಿದ್ದು ನಿದ್ದೆಯ ನಾಟಕ, ಅವನು ಹೋದ ಮೇಲೆ ಮತ್ತೆ ನೆಲಕ್ಕೆ. ಇದರಲ್ಲಿ ನನಗೆ ಇಷ್ಟವಾಗುವುದು ಮುಂದೆ ಅವರು ಏನಾದರು ಅನ್ನುವುದಲ್ಲ, ಆ ಮೊದಲ ಪುಟ. ನಕಲು ಮಾಡಲು ಪ್ರತಿಭೆ ಬೇಡ. ತಲೆ ಖಾಲಿ ಇದ್ದ ದಿನವೂ ಮಾಡಬಹುದು. ಎಷ್ಟು ಮಾಡಿದೆ ಅಂತ ಸಂಜೆ ಕಣ್ಣಿಗೆ ಕಾಣುತ್ತದೆ.

ತಮ್ಮನಿಗೆ ಪುಸ್ತಕ ಆಗದಿದ್ದರೆ ಪುಸ್ತಕವೇ ಬೇಕು ಅಂತ ಏನಿಲ್ಲ. ಕೈಗೆ ಕೆಲಸ ಕೊಡುವ ಯಾವುದಾದರೂ ಆದೀತು: ಮರಗೆಲಸ, ಹೊಲಿಗೆ, ತೋಟ, ಅಡುಗೆಮನೆ, ಅಲ್ಲಿ ಏನಿದೆಯೋ ಅದು. ಚೆಸ್ ಬರುತ್ತದಾ? ಸೋವಿಯತ್ ಸರ್ಕಾರದ ವಿರುದ್ಧ ದನಿ ಎತ್ತಿದ ನಾಟನ್ ಶರಾನ್ಸ್ಕಿ 1977ರಿಂದ 1986ರವರೆಗೆ ಸೋವಿಯತ್ ಜೈಲುಗಳಲ್ಲಿದ್ದಾಗ, ಏನೂ ಕೊಡದ ಶಿಕ್ಷಾ ಕೋಣೆಯಲ್ಲಿ, ತಲೆಯಲ್ಲೇ ಮಣೆ ಹಾಸಿ ತನ್ನ ಜೊತೆ ತಾನೇ ಚೆಸ್ ಆಡುತ್ತಿದ್ದರು. ಬಿಡುಗಡೆಯಾದ ಮೇಲೆ, ಅಷ್ಟೂ ಆಟ ತಾನೇ ಗೆದ್ದೆ ಅಂತ ತಮಾಷೆ ಮಾಡುತ್ತಿದ್ದರು.

ನನ್ನನ್ನು ಕೇಳಿದರೆ, ಹತ್ತನೇ ಕ್ಲಾಸು ಓದಿದವನಿಗೆ ಜೈಲಿನಲ್ಲಿ ಸಿಗುವ ಅತ್ಯಂತ ಒಳ್ಳೆಯ ಕೆಲಸ ಇನ್ನೊಬ್ಬರ ಕಾಗದ ಬರೆದುಕೊಡುವುದು. ಓದು ಬರಹ ಬಾರದವರು ಎಲ್ಲ ಬ್ಯಾರಕ್‌ನಲ್ಲೂ ಇರುತ್ತಾರೆ. ಒಬ್ಬ ಹುಡುಗ ಮಂಡಿಯ ಮೇಲೆ ರಟ್ಟು ಇಟ್ಟುಕೊಂಡು ವಯಸ್ಸಾದ ಕೈದಿಯೊಬ್ಬರಿಗೆ ಕಾಗದ ಬರೆಯುತ್ತಿದ್ದದ್ದನ್ನು ನಾನು ಹತ್ತಿರ ಕೂತು ನೋಡಿದ್ದೇನೆ. ಮುದುಕರು "ನಾನು ಇಲ್ಲಿ ಚೆನ್ನಾಗಿದ್ದೇನೆ ಅಂತ ಬರಿ" ಅಂದರು. ಹುಡುಗ ಬರೆದ. ಮುದುಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೆದಾಯ್ತಾ? ಹೊಡೆದುಹಾಕು. ಮಂಡಿ ನೋವು ಅಂತ ಬರಿ. ಅವಳಿಗೆ ಹೇಗೂ ಗೊತ್ತಾಗುತ್ತೆ" ಅಂದರು. ಆ ಹುಡುಗ ಅವತ್ತು ಸಂಜೆ ತನ್ನ ತಾಯಿಗೆ ಒಂದೂವರೆ ಪುಟ ಬರೆದ. ಅದುವರೆಗೂ ಅವನ ಕಾಗದ ಮೂರು ಸಾಲು ದಾಟಿರಲಿಲ್ಲ.

ಈ ಕೆಲಸಕ್ಕೆ ಬದಲಾಗಿ ಏನನ್ನೂ ತೆಗೆದುಕೊಳ್ಳಬಾರದು ಅಂತ ಅವನಿಗೆ ಹೇಳಿ, ಬೀಡಿಯನ್ನೂ ಸಹ. ಒಳಗೆ ಋಣ ಅನ್ನುವುದು ಬಹಳ ಬೇಗ ಬೆಳೆಯುತ್ತದೆ. ಜೂಜು, ಸಾಲ, ಯಾರದೋ ಪರವಾಗಿ ಏನೋ ಬಚ್ಚಿಡುವುದು, ಇವುಗಳಿಂದ ದೂರ ಇದ್ದರೆ ಅರ್ಧ ಶಿಕ್ಷೆ ನೆಮ್ಮದಿಯಾಗಿ ಕಳೆದ ಹಾಗೆ.

ಕೇಳಿ ಪಡೆಯಬೇಕಾದದ್ದೂ ಇದೆ. ಕೈದಿಗಳನ್ನು ನಡೆಸಿಕೊಳ್ಳುವ ಬಗ್ಗೆ ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನಿಯಮಗಳಿಗೆ ಮಂಡೇಲಾ ಅವರ ಹೆಸರೇ ಇದೆ. ಹೊರಗಿನ ಕೆಲಸ ಇಲ್ಲದ ಕೈದಿಗೆ, ಹವಾಮಾನ ಅಡ್ಡಿಯಾಗದಿದ್ದರೆ, ದಿನಕ್ಕೆ ಕನಿಷ್ಠ ಒಂದು ಗಂಟೆ ಬಯಲಿನಲ್ಲಿ ವ್ಯಾಯಾಮ ಅಂತ 23ನೇ ನಿಯಮ. ಪ್ರತಿ ಜೈಲಿನಲ್ಲೂ ಗ್ರಂಥಾಲಯ ಇರಬೇಕು, ಅದನ್ನು ಪೂರ್ತಿ ಬಳಸಲು ಕೈದಿಗಳಿಗೆ ಪ್ರೋತ್ಸಾಹ ಕೊಡಬೇಕು ಅಂತ 64ನೇ ನಿಯಮ. ಎಲ್ಲ ಕಡೆ ಇದು ನಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಗ್ರಂಥಾಲಯ ಇದ್ದೂ ವರ್ಷಗಟ್ಟಲೆ ಬಾಗಿಲು ತಟ್ಟದವರನ್ನು ಬಹಳ ನೋಡಿದ್ದೇನೆ. ಬ್ರೆಜಿಲ್‌ನಲ್ಲಿ 2012ರಿಂದ ಕೇಂದ್ರ ಸರ್ಕಾರದ ಜೈಲುಗಳಲ್ಲಿ ಒಂದು ಪುಸ್ತಕ ಓದಿ ಅದರ ಬಗ್ಗೆ ಬರೆದುಕೊಟ್ಟರೆ ಶಿಕ್ಷೆಯಲ್ಲಿ ನಾಲ್ಕು ದಿನ ಕಡಿತ, ವರ್ಷಕ್ಕೆ ಹನ್ನೆರಡು ಪುಸ್ತಕದವರೆಗೆ. ಓದು, ಕೆಲಸ, ಸನ್ನಡತೆ ಲೆಕ್ಕಕ್ಕೆ ಬರುತ್ತದಾ ಅಂತ ನಿಮ್ಮ ತಮ್ಮ ಇರುವ ಜೈಲಿನಲ್ಲೂ ಕೇಳಿ ನೋಡಿ. ಬಾಯಿಬಿಟ್ಟು ಕೇಳದಿದ್ದರೆ ಯಾರೂ ತಾವಾಗಿ ಬಂದು ಹೇಳುವುದಿಲ್ಲ.

ಧ್ಯಾನದ ಬಗ್ಗೆಯೂ ಯಾರಾದರೂ ಹೇಳಿಯೇ ಹೇಳುತ್ತಾರೆ. 1994ರ ಏಪ್ರಿಲ್‌ನಲ್ಲಿ ತಿಹಾರ್ ಜೈಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಒಟ್ಟಿಗೆ ಹತ್ತು ದಿನದ ವಿಪಶ್ಯನಾ ಶಿಬಿರದಲ್ಲಿ ಕೂತಿದ್ದರು. ಅನೇಕರಿಗೆ ಅದು ಉಪಯೋಗವಾಗುತ್ತದೆ. ಆದರೆ ಸದ್ಯಕ್ಕೆ ನಿಮ್ಮ ತಮ್ಮನ ತಲೆಯಲ್ಲಿ ಗಾಣ ತಿರುಗುತ್ತಿದೆ, ಕಣ್ಣು ಮುಚ್ಚಿ ಕೂರಿಸಿದರೆ ಅದು ಇನ್ನೂ ಜೋರಾಗಬಹುದು. ಮೊದಲು ಕೈಗೆ ಕೆಲಸ, ಆಮೇಲೆ ಕಾಗದ, ಆಮೇಲೆ ಬೇಕಿದ್ದರೆ ಅದು.

ಕೆಲವು ದಿನ ಇದಾವುದೂ ನಡೆಯುವುದಿಲ್ಲ. ಕೋರ್ಟಿನಿಂದ ಕೆಟ್ಟ ಸುದ್ದಿ ಬಂದ ದಿನ, ಮನೆಯಲ್ಲಿ ಯಾರೋ ತೀರಿಕೊಂಡ ದಿನ, ಆ ಘಟನೆ ನಡೆದ ತಾರೀಖು. ಆ ದಿನಗಳಲ್ಲಿ ನೋಟ್‌ಬುಕ್ ಬೇಡ, ಒಬ್ಬನೇ ಇರುವುದೂ ಬೇಡ. ಊಟ ಬಿಟ್ಟರೆ, ತನ್ನ ಸಾಮಾನು ಬೇರೆಯವರಿಗೆ ಹಂಚಲು ಶುರು ಮಾಡಿದರೆ, "ನಾನಿಲ್ಲದಿದ್ದರೂ ನಿಮಗೆ ನಡೆಯುತ್ತೆ" ಅನ್ನುವ ಥರ ಮಾತಾಡಿದರೆ ಅದನ್ನು ಬೇಜಾರು ಅಂತ ತಳ್ಳಿಹಾಕದೆ ಅವತ್ತೇ ಜೈಲಿನ ವೈದ್ಯರಿಗೂ ಅಧಿಕಾರಿಗಳಿಗೂ ತಿಳಿಸಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ಅವನನ್ನು ನೇರವಾಗಿಯೇ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಇನ್ನು ನಿಮ್ಮ ಭೇಟಿಯ ವಿಷಯ. ಕನ್ನಡದಲ್ಲಿ ‘ನೋಡಿಕೊಳ್ಳುವುದು’ ಅಂದರೆ ಎರಡು ಅರ್ಥ. ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತೇವೆ, ಮಗುವನ್ನೂ ನೋಡಿಕೊಳ್ಳುತ್ತೇವೆ. ನೀವು ಹೋದ ಸಲ ಮೊದಲನೆಯದನ್ನು ಮಾಡು ಅಂದಿರಿ, ಅವನಿಗೆ ಎರಡನೆಯದು ಕೇಳಿಸಲಿಲ್ಲ. ಈ ಸಲ ಸಲಹೆ ಬೇಡ. "ಹೇಗಿದ್ದೀಯ" ಅಂತಲೂ ಬೇಡ, ಅದಕ್ಕೆ "ಇದ್ದೀನಿ" ಅನ್ನುವುದೊಂದೇ ಉತ್ತರ. ಚಿಕ್ಕದೇನಾದರೂ ಕೇಳಿ: ಪಕ್ಕದಲ್ಲಿ ಮಲಗುವವನ ಹೆಸರೇನು, ಬೆಳಿಗ್ಗೆ ಮೊದಲು ಕೇಳಿಸುವ ಸದ್ದು ಯಾವುದು. ನೀವೂ ಮನೆಯ ಚಿಕ್ಕ ವಿಷಯ ಹೇಳಿ, ಕೆಟ್ಟ ಸುದ್ದಿಯಿದ್ದರೆ ಅದನ್ನೂ. ಮುಚ್ಚಿಟ್ಟರೆ ಅವನಿಗೆ ನಿಮ್ಮ ಮುಖದಲ್ಲಿ ಕಾಣುತ್ತದೆ, ಆಮೇಲೆ ಒಂದು ವಾರ ಅದನ್ನೇ ಊಹಿಸುತ್ತಾ ಮಲಗಿರುತ್ತಾನೆ.

ನೋಟ್‌ಬುಕ್ ತೆಗೆದುಕೊಂಡು ಹೋಗಿ, ಆದರೆ ಏನನ್ನು ಒಳಗೆ ಬಿಡುತ್ತಾರೆ ಅಂತ ಗೇಟಿನಲ್ಲಿ ಮೊದಲೇ ವಿಚಾರಿಸಿ. ಸುರುಳಿ ತಂತಿ ಇರುವುದನ್ನು ಬಹಳ ಕಡೆ ಬಿಡುವುದಿಲ್ಲ, ದಾರದಲ್ಲಿ ಹೊಲಿದಿರುವುದನ್ನು ಕೊಳ್ಳಿ. ತೆಳ್ಳಗಿರಲಿ, ನಲವತ್ತು ಪುಟ ಸಾಕು. ಮೂರು ತಿಂಗಳಲ್ಲಿ ಮುಗಿದರೆ ಅವನೇ ಇನ್ನೊಂದು ಕೇಳುತ್ತಾನೆ. ಮತ್ತೆ ದಯವಿಟ್ಟು ಮೊದಲ ಪುಟದಲ್ಲಿ ನೀವು ಏನನ್ನೂ ಬರೆದುಕೊಡಬೇಡಿ, ದೇವರ ಹೆಸರನ್ನೂ, ನಿಮ್ಮ ಹೆಸರನ್ನೂ.